ಎಂಜಲ ಪಾಟಿ

ಶಾಂತಯ್ಯ ಎಂಬ ಹೆಸರಿಟ್ಟವಳು ಆತನ ಅಜ್ಜಿ. ಹುಟ್ಟಿದ ಮೇಲೆ ಮೂರು ದಿನ ಕೂಸು ಅಳದೆ ಮಲಗಿತ್ತಂತೆ. ಮುದುಕಿ ಅದನ್ನೇ ನಂಬಿದಳು. ಆಮೇಲೆ ಆ ಮನುಷ್ಯ ಶಾಂತನಾಗಿದ್ದದ್ದನ್ನು ಬೆಂಗೇರಿಯಲ್ಲಿ ಕಂಡವರಿಲ್ಲ. ಜಂಗಮರ ಮನೆತನ, ಸಾಲಿಯಲ್ಲಿ ಲೆಕ್ಕದ ಮಾಸ್ತರಿಕೆ, ಒಗೆದು ಬಿಳುಪಾದ ಧೋತರ, ಮೇಲೊಂದು ಕರಿ ಕೋಟು. ದೂರದಿಂದ ನೋಡಿದರೆ ಸಾಧು ಮನುಷ್ಯನೇ. ಹತ್ತಿರ ಹೋದರೆ ಮೂಗು ಯಾವಾಗಲೂ ಅರ್ಧ ಮುರಿದಿರುವುದು ಕಾಣುತ್ತಿತ್ತು. ಜಗತ್ತಿನಲ್ಲಿ ಹೇಸುವಂಥದ್ದು ಬೇಕಾದಷ್ಟಿದೆ, ನಾನೊಬ್ಬನೇ ಎಷ್ಟಕ್ಕೆ ಅಂತ ಹೇಸಲಿ ಎಂಬ ದಣಿವು ಆ ಮುಖದಲ್ಲಿರುತ್ತಿತ್ತು.

ಹೆಡ್ ಮಾಸ್ತರ ರಮಾಕಾಂತರಾಯರು ನಶ್ಯ ಏರಿಸಿದ ಬೆರಳಿನಿಂದಲೇ ಹಾಜರಿ ಪುಸ್ತಕದ ಹಾಳೆ ತಿರುವುತ್ತಿದ್ದರು, ಅದಕ್ಕೆ ಹೇಸುತ್ತಿದ್ದ. ಸಾಲಿಯ ಹಿಂದಿನ ಗೋಡೆಗೆ ಊರ ದೊಡ್ಡವರೆಲ್ಲ ಮುಖ ಮಾಡಿ ಉಚ್ಚೆಗೆ ನಿಲ್ಲುತ್ತಿದ್ದರು, ಅದಕ್ಕೂ ಹೇಸುತ್ತಿದ್ದ. ಆದರೆ ಆತ ಎಲ್ಲಕ್ಕಿಂತ ಹೆಚ್ಚು ಹೇಸುತ್ತಿದ್ದದ್ದು ಒಂದಕ್ಕೆ: ಹುಡುಗರು ಪಾಟಿಯ ಮೇಲೆ ಪಿಚಕ್ಕನೆ ಉಗುಳಿ ಅಂಗೈಯಿಂದ ಒರೆಸುವುದು. ಅಕ್ಷರ ಮೂಡುವ ಜಾಗದ ಮೇಲೆ ಎಂಜಲು! ಪ್ರತಿಯೊಬ್ಬರೂ ಒಂದು ಹಸಿ ಅರಿವೆ ತರಬೇಕು ಎಂದು ಕಟ್ಟಪ್ಪಣೆ ಮಾಡಿದ್ದ. ಮಧ್ಯಾಹ್ನದ ಹೊತ್ತಿಗೆ ಅರಿವೆ ಒಣಗುತ್ತಿತ್ತು, ನಾಲಿಗೆ ಮಾತ್ರ ಹಸಿಯಾಗೇ ಇರುತ್ತಿತ್ತು. ಸಿಕ್ಕಿಬಿದ್ದವರ ಬೆರಳ ಗೆಣ್ಣಿಗೆ ಛಡಿಯೇಟು ಬೀಳುತ್ತಿತ್ತು.

"ಪಾಟಿ ಎಂಜಲ ಮಾಡತಿಯೇನೋ ಭಾಡ್ಯಾ? ನಿಮ್ಮವ್ವ ರೊಟ್ಟಿ ಬಡಿಯೂ ಕಲ್ಲಿಗೆ ಉಗುಳ್ತಿಯೇನು?"

ಆ ಸಾಲಿಯ ಹೆಸರು ಹೇಳಿ ಅದಕ್ಕೊಂದು ಮರ್ಯಾದೆ ಕೊಡುವ ಮನಸ್ಸಿಲ್ಲ. ಬೆಂಗೇರಿಯ ಅಂಚಿನಲ್ಲಿ ಎಷ್ಟೋ ಸಾಲಿ ಬಂದವು, ಹೋದವು; ಅದರಲ್ಲೊಂದು ಎಂದರೆ ಸಾಕು. ನಾಲ್ಕು ಖೋಲಿ, ಸೋರುವ ಹಂಚಿನ ಮಾಡು. ರೇಲ್ವೆ ಹಳಿಯ ತುಂಡೊಂದನ್ನು ಬೇವಿನ ಗಿಡಕ್ಕೆ ತೂಗುಹಾಕಿದ್ದರು, ಅದೇ ಗಂಟೆ. ಅದಕ್ಕೆ ಸುತ್ತಿಗೆ ಬೀಳುವ ಮುಂಚೆ, ಲೆಕ್ಕದ ತಾಸು ಮುಗಿಯುವಾಗ, ಶಾಂತಯ್ಯ ಮಾಸ್ತರ ಬೋರ್ಡಿಗೆ ಬರೆದ ಖಡುವಿನ ಧೂಳು ಝಾಡಿಸಿಕೊಂಡು ಒಂದು ಮಾತು ಕೇಳುತ್ತಿದ್ದ.

"ತಿಳೀತಿಲ್ಲೋ?"

"ಹೂಂರೀ!" ಎಂದು ಇಡೀ ಇಯತ್ತೆ ಒಂದೇ ಗಂಟಲಿನಿಂದ ಕೂಗುತ್ತಿತ್ತು.

ಹದಿನೆಂಟು ವರ್ಷ ಹಾಗೆ ನಡೆಯಿತು. ಆ ಕೂಗು ಕೇಳಿ ಹೊರಗೆ ಬಿದ್ದಾಗ ಮಾಸ್ತರನ ಮೂಗು ಅರೆಗಳಿಗೆ ನೆಟ್ಟಗಾಗುತ್ತಿತ್ತು. ತನ್ನ ಕೆಲಸ ತಾನು ಮಾಡಿದೆ ಎಂಬ ಸಮಾಧಾನ. ಮನೆಯಲ್ಲಿ ಹೆಂಡತಿ ಈರವ್ವನ ಮುಂದೆ ಹೇಳಿಕೊಳ್ಳುವುದೂ ಇತ್ತು, ನನ್ನ ಇಯತ್ತೆಯೊಳಗೆ ತಿಳಿಯದ ಹುಡುಗ ಒಬ್ಬನೂ ಇಲ್ಲ ಎಂದು.

ಅದನ್ನು ಕೆಡಿಸಿದವಳು ಕಾಳವ್ವ. ಮೂವತ್ನಾಲ್ಕನೆಯ ಇಸವಿ. ಹತ್ತಿ ಗಾಡಿ ಹೊಡೆಯುವ ಫಕೀರಪ್ಪನ ಮಗಳು, ಹನ್ನೆರಡು ವರ್ಷ, ಐದನೆಯ ಇಯತ್ತೆಯಲ್ಲಿ ಉಳಿದಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು. ಹಿಂದಿನ ದಿನ ತ್ರೈರಾಶಿಕದ ಪಾಠ ಮುಗಿದು ಹೂಂರೀ ಆಗಿತ್ತು. ಮರುದಿನ ಮೂರು ಲೆಕ್ಕ ಕೊಟ್ಟರೆ ಈಕೆ ಖಾಲಿ ಪಾಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಿನ್ನಿ ಹೂಂ ಅಂದಿಲ್ಲೇನ?" ಎಂದ ಮಾಸ್ತರ.

"ಅಂದೇನ್ರಿ."

"ಮತ್ತ?"

"ನೀವು ಎರಡೂ ಕೂಡಿಸಿ ಕೇಳತೀರಲ್ರಿ. ತಿಳೀತು ಅಂತನೂ ಕೇಳತೀರಿ, ಇಲ್ಲೋ ಅಂತನೂ ಕೇಳತೀರಿ. ನಾ ಇಲ್ಲೋ ಅಂದದ್ದಕ್ಕ ಹೂಂ ಅಂದೇನ್ರಿ."

ಇಯತ್ತೆ ಗೊಳ್ಳೆಂದು ನಕ್ಕಿತು. ಮಾಸ್ತರ ಎರಡು ಛಡಿ ಕೊಟ್ಟ, ಬಲಗೈಗೊಂದು ಎಡಗೈಗೊಂದು. ಹುಡುಗಿ ಅಳಲಿಲ್ಲ. ತಾನು ಹೇಳಿದ್ದರಲ್ಲಿ ಏನು ತಪ್ಪು ಎಂದು ಹುಡುಕುವವಳಂತೆ ಅಂಗೈ ನೋಡಿಕೊಂಡಳು.

ಆ ದಿನ ಸಾಲಿ ಬಿಟ್ಟು ಮನೆಗೆ ನಡೆಯುವಾಗ ಮಾಸ್ತರ ತನ್ನ ಮಾತನ್ನು ತಾನೇ ನಾಲಿಗೆಯ ಮೇಲೆ ಹೊರಳಿಸಿ ನೋಡಿದ. ತಿಳೀತು, ಇಲ್ಲೋ. ಎರಡೂ ಒಂದರೊಳಗೊಂದು ಸೇರಿಕೊಂಡು ತಿಳೀತಿಲ್ಲೋ. ಹೂಂ ಎಂದರೆ ಯಾವುದಕ್ಕೆ? ಹುಡುಗಿ ಹೇಳಿದ್ದು ನಿಜ. ಲೆಕ್ಕದ ಮನುಷ್ಯ, ಲೆಕ್ಕ ಹಾಕದೆ ಬಿಡಲಿಲ್ಲ. ದಿನಕ್ಕೆ ನಾಲ್ಕು ತಾಸು, ವರ್ಷಕ್ಕೆ ಇನ್ನೂರಾ ಇಪ್ಪತ್ತು ದಿನ, ಹದಿನೆಂಟು ವರ್ಷ. ಹದಿನೈದು ಸಾವಿರದ ಎಂಟುನೂರಾ ನಲವತ್ತು ಹೂಂ. ಅದರಲ್ಲಿ ಎಷ್ಟು ತಿಳೀತು, ಎಷ್ಟು ಇಲ್ಲ, ದೇವರಿಗೇ ಗೊತ್ತು. ಆತನಿಗೆ ವಾಕರಿಕೆ ಬಂದಂತಾಯಿತು. ಮೊದಲ ಬಾರಿಗೆ ಆ ವಾಕರಿಕೆ ಬೇರೆಯವರನ್ನು ನೋಡಿ ಬಂದದ್ದಾಗಿರಲಿಲ್ಲ.

ಮರುದಿನ ಪಾಠ ಮುಗಿದಾಗ ಆತ ಹಳೆಯ ಮಾತು ಕೇಳಲಿಲ್ಲ. "ಇವತ್ತ ಎಲ್ಲಿ ಎಡವಿದ್ರಿ? ಒಬ್ಬೊಬ್ರೂ ಪಾಟಿ ಮ್ಯಾಲ ಒಂದು ಸಾಲು ಬರೀರಿ. ಸುಳ್ಳ ಬರದ್ರ ಛಡಿ, ಖರೇ ಬರದ್ರ ಏನೂ ಇಲ್ಲ" ಎಂದ.

ಹುಡುಗರು ಮಿಕಿಮಿಕಿ ನೋಡಿದರು. ಮೊದಲ ದಿನ ಬಂದ ಉತ್ತರಗಳನ್ನು ನೋಡಿ ಮಾಸ್ತರ ತಲೆ ಚಚ್ಚಿಕೊಂಡ. ಇಪ್ಪತ್ತೊಂಬತ್ತು ಪಾಟಿಯ ಮೇಲೆ 'ಎಲ್ಲಿಯೂ ಇಲ್ಲ'. ಒಂದರ ಮೇಲೆ 'ಹೊಸ್ತಿಲದಾಗ ಎಡವಿದೆ, ಉಗುರು ಕಿತ್ತಿತು'. ಅದನ್ನು ಬರೆದವನು ದುರಗಪ್ಪ, ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡು ಬಂದಿದ್ದ. ಅವನೊಬ್ಬನೇ ಖರೇ ಬರೆದವನು. ಕಾಳವ್ವ ಮಾತ್ರ ಏನೂ ಬರೆಯದೆ ಮಾಸ್ತರನ ಮುಖ ನೋಡುತ್ತಿದ್ದಳು. ಛಡಿ ಸುಳ್ಳಿಗೋ ಖರೆಗೋ ಎಂಬ ಅನುಮಾನ ಆಕೆಗೆ ಇನ್ನೂ ಹೋಗಿರಲಿಲ್ಲ.

ಹದಿನೈದು ದಿನ ಬೇಕಾಯಿತು. ಬರೆದು, ತೋರಿಸಿ, ಹಸಿ ಅರಿವೆಯಿಂದ ಒರೆಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ಹುಡುಗರು ನಿಧಾನವಾಗಿ ಬಾಯಿ ಬಿಟ್ಟರು. ಭಾಗಾಕಾರದಾಗ ಸೊನ್ನೆ ಎಲ್ಲಿಂದ ಇಳಿಯಿತು? ಇದ್ದದ್ದು ಒಂದು, ಅದರಾಗ ಮೂರು ಹೋಗೂದಿಲ್ಲ ಅಂದಮ್ಯಾಲ ಹತ್ತು ಯಾರು ಕೊಟ್ಟರು? ದುರಗಪ್ಪ ಒಂದು ದಿನ ಬರೆದ: 'ಕೈಯಾಗ ಒಂದು ಅಂತೀರಿ. ನಿಮ್ಮ ಕೈಯಾಗ ಖಡು ಬಿಟ್ಟರ ಏನೂ ಇರೂದಿಲ್ಲ.' ಕೂಡಿಸುವಾಗ ಮುಂದಿನ ಮನೆಗೆ ಒಯ್ಯುವ ಒಂದನ್ನು ಹದಿನೆಂಟು ವರ್ಷ ಕೈಯಾಗ ಒಂದು, ಕೈಯಾಗ ಒಂದು ಎಂದು ಹೇಳುತ್ತ ಬಂದಿದ್ದ. ಈ ಹುಡುಗ ಅಷ್ಟು ದಿನವೂ ಮಾಸ್ತರನ ಮುಷ್ಟಿಯನ್ನೇ ನೋಡುತ್ತಿದ್ದ! ಶಾಂತಯ್ಯ ಹುಣಸೆ ಬೀಜ ತರಿಸಿ, ಹತ್ತು ಹತ್ತರ ಗುಂಪು ಮಾಡಿಸಿ, ಮತ್ತೆ ಮೊದಲಿನಿಂದ ಕಲಿಸಿದ. ಐದನೆಯ ಇಯತ್ತೆಯಲ್ಲಿ ಹುಣಸೆ ಬೀಜ ಆಡಿಸುತ್ತಾನೆ ಎಂದು ಉಳಿದ ಮಾಸ್ತರರು ನಕ್ಕರು. ನಗಲಿ ಎಂದುಕೊಂಡ.

ತ್ರೈರಾಶಿಕಕ್ಕೂ ಒಂದು ಹೊಸ ಲೆಕ್ಕ ಕಟ್ಟಿದ. ಪುಸ್ತಕದಲ್ಲಿದ್ದದ್ದು ಬಾವಿ ತೋಡುವವರ ಲೆಕ್ಕ; ಬಾವಿ ತೋಡುವುದನ್ನು ಈ ಮಕ್ಕಳು ಎಲ್ಲಿ ಕಂಡಾರು? ಇಬ್ಬರು ಹೆಣ್ಣುಮಕ್ಕಳು ಒಂದು ತಾಸಿನಲ್ಲಿ ನಲವತ್ತು ರೊಟ್ಟಿ ಮಾಡಿದರೆ ಎಂಟು ಹೆಣ್ಣುಮಕ್ಕಳು ಎಷ್ಟು ಮಾಡುತ್ತಾರೆ? ಒಬ್ಬಳಿಗೆ ಇಪ್ಪತ್ತು, ಎಂಟು ಮಂದಿಗೆ ನೂರಾ ಅರವತ್ತು. ಇಡೀ ಇಯತ್ತೆಗೆ ಬಂತು. ಕಾಳವ್ವನ ಪಾಟಿಯ ಮೇಲೂ ನೂರಾ ಅರವತ್ತು ಇತ್ತು. ಅದರ ಕೆಳಗೆ ಎಡವಿದ ಸಾಲು: 'ಹಂಚು ಎಷ್ಟು?'

"ಏನವಾ ಇದು?" ಎಂದ ಮಾಸ್ತರ.

"ನಮ್ಮ ಮನ್ಯಾಗ ಹದಿನಾಲ್ಕು ಮಂದಿ ಅದೇವ್ರಿ. ನಾನು, ನಮ್ಮ ಸಣ್ಣವ್ವ ರೊಟ್ಟಿ ಮಾಡತೇವಿ. ನಾ ಬಡಿತೇನಿ, ಆಕಿ ಬೇಯಸ್ತಾಳ. ದೀಪಾವಳಿಗೆ ಅತ್ತ್ಯಾರು ಬಂದ್ರ ಆರು ಮಂದಿ ಆಗತೇವಿ. ಆದ್ರೂ ಅಷ್ಟ ರೊಟ್ಟಿ ಆಗತಾವ್ರಿ. ಹಂಚು ಒಂದ ಐತಿ. ಉಳಿದವರು ಕುಂತು ಮಾತಾಡ್ತಾರ. ಲೆಕ್ಕದಾಗ ಹಂಚು ಎಷ್ಟು ಅಂತ ಹೇಳೇ ಇಲ್ರಿ."

ಶಾಂತಯ್ಯ ಪಾಟಿಯನ್ನು ತಿರುಗಿ ಅವಳ ಕೈಗೆ ಕೊಟ್ಟ. "ನಾಳಿಗೆ ಹೇಳತೇನಿ" ಎಂದ.

ಆ ಸಂಜೆ ಹೆಡ್ ಮಾಸ್ತರರನ್ನು ಕೇಳಿದ. ರಮಾಕಾಂತರಾಯರು ನಶ್ಯದ ಡಬ್ಬಿ ಮುಚ್ಚುತ್ತ, "ಹಂಚು ಲೆಕ್ಕದಾಗ ಬರೂದಿಲ್ಲ. ಅಷ್ಟ ಹೇಳ್ರಿ ಆ ಹುಡುಗಿಗೆ. ಇಲ್ಲದ ಉಸಾಬರಿ ಯಾಕ ಹಚಗೋತೀರಿ" ಎಂದರು. ಶಾಂತಯ್ಯನಿಗೆ ಒಪ್ಪಿಗೆಯಾಗಲಿಲ್ಲ. ಮನೆಗೆ ಬಂದು ಒಲೆಯ ಮುಂದೆ ಈರವ್ವ ರೊಟ್ಟಿ ಬೇಯಿಸುವುದನ್ನು ಗೋಡೆಗೊರಗಿ ನೋಡುತ್ತ ಕೂತ. ಒಂದು ಹಂಚಿನ ಮೇಲೆ ಒಂದು ರೊಟ್ಟಿ, ಅದು ಬೆಂದ ಮೇಲೆ ಇನ್ನೊಂದು. ಈ ಸೂತ್ರ ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ ಎಂಬುದನ್ನು ತಾನು ಒಬ್ಬ ಹುಡುಗನಿಗೂ ಹೇಳಿಕೊಟ್ಟಿಲ್ಲ. ಹೇಳಿಕೊಡುವುದಿರಲಿ, ಹಾಗೊಂದು ಪ್ರಶ್ನೆ ಇದೆ ಎಂದೇ ಗೊತ್ತಿರಲಿಲ್ಲ. ಗಾಡಿ ಹೊಡೆಯುವವನ ಮಗಳು ನಾಲ್ಕು ಅಕ್ಷರದಲ್ಲಿ ಅದರ ಬುಡಕ್ಕೆ ಕೈ ಹಾಕಿದ್ದಳು. ಇದನ್ನು ಪೂರ್ತಿ ಒಂದು ತಾಸು ಇಟ್ಟುಕೊಂಡು, ಹಂಚು ಒಂದು, ಹಂಚು ಎರಡು ಎಂದು ಬೋರ್ಡಿನ ಮೇಲೆ ಬಿಡಿಸಿ ಕಲಿಸಬೇಕು ಎಂದು ಮನಸ್ಸಿನಲ್ಲಿ ಹಾಕಿಕೊಂಡ. ಬಹಳ ವರ್ಷಗಳ ಮೇಲೆ ಆತನಿಗೆ ಸಾಲಿಗೆ ಹೋಗುವ ಉಮೇದಿ ಬಂದಿತ್ತು.

ಆದರೆ ಬೆಳಗಾದರೆ ಸಾಲಿಯ ಮುಂದೆ ಟಾಂಗಾ ನಿಂತಿತ್ತು. ಡೆಪ್ಟಿ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬಂದಿದ್ದರು.

ಸಾಹೇಬರಿಗೆ ಶಿರಾ ಬಂತು, ಉಪ್ಪಿಟ್ಟು ಬಂತು. ಮೀಸೆಗೆ ಹತ್ತಿದ ತುಪ್ಪವನ್ನು ಕರವಸ್ತ್ರಕ್ಕೆ ಒರೆಸುತ್ತ ಐದನೆಯ ಇಯತ್ತೆಗೆ ಬಂದು, ಹುಡುಗರು ತಾಸಿನ ಕೊನೆಗೆ ಪಾಟಿಯ ಮೇಲೆ ಏನೋ ಬರೆಯುವುದನ್ನು ನೋಡಿದರು. ಕೇಳಿ ತಿಳಿದುಕೊಂಡು ಭಾರೀ ಖುಷಿಯಾದರು. "ಛಲೋ ಪದ್ಧತಿ! ಹುಡುಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಾನೆ! ಇದನ್ನು ನಮ್ಮ ಎಲ್ಲಾ ಸಾಲಿಗಳಿಗೂ ಹಚ್ಚುತ್ತೇನೆ" ಎಂದರು. ಶಾಂತಯ್ಯನ ಬೆನ್ನು ತಟ್ಟಿದರು. ಆತನೂ ಮನುಷ್ಯನೇ, ಹಿಗ್ಗಿದ. ಆ ಹಿಗ್ಗನ್ನು ನೆನೆಸಿಕೊಂಡು ಮುಂದೆ ಎಷ್ಟೋ ವರ್ಷ ತನ್ನ ಮೇಲೆ ತಾನೇ ಥೂ ಅಂದುಕೊಂಡ.

ಹಂಚಿನ ಪಾಠ ಇವತ್ತು ನಾಳೆ ಎಂದು ಹಿಂದೆ ಬಿತ್ತು, ಒಂದು ತಿಂಗಳಿಗೆ ಸುತ್ತೋಲೆ ಬಂತು. ಎಲ್ಲಿ ಎಡವಿದ್ರಿ ಎಂಬ ಮಾತು ಎಲ್ಲೋ ಉದುರಿಹೋಗಿತ್ತು. ಅದರ ಬದಲು ಮೂರು ಪ್ರಶ್ನೆ ಕೂತಿದ್ದವು. ಒಂದು, ಇಂದು ನಾನು ಏನು ಕಲಿತೆನು? ಎರಡು, ನನಗೆ ತಿಳಿಯದ ಭಾಗ ಯಾವುದು? ಮೂರು, ನಾಳೆ ನಾನು ಏನು ಮಾಡುವೆನು? ಪ್ರತಿ ತಾಸಿನ ಕೊನೆಗೆ ಪ್ರತಿ ಮಗುವೂ ಬರೆಯತಕ್ಕದ್ದು. ವಾರ್ಷಿಕ ಪರೀಕ್ಷೆಯಲ್ಲಿ ಸಾಹೇಬರು ಖುದ್ದು ನೋಡತಕ್ಕದ್ದು.

ರಮಾಕಾಂತರಾಯರು ಅದನ್ನು ಓದಿ ಅರ್ಧ ತಾಸಿನಲ್ಲಿ ಉತ್ತರ ತಯಾರು ಮಾಡಿದರು. ನಾಲ್ಕೂ ಖೋಲಿಯ ಬೋರ್ಡಿನ ಮೇಲೆ ತಾವೇ ಬರೆದರು: ತ್ರೈರಾಶಿಕವನ್ನು ಕಲಿತೆನು. ತಿಳಿಯದ ಭಾಗ ಯಾವುದೂ ಇಲ್ಲ. ನಾಳೆ ಇನ್ನೂ ಹೆಚ್ಚಿನ ಅಭ್ಯಾಸ ಮಾಡುವೆನು. ಹುಡುಗರು ಮಗ್ಗಿ ಹೇಳುವ ರಾಗದಲ್ಲಿ ಅದನ್ನು ಹೇಳಿ ಹೇಳಿ ಬಾಯಿಪಾಠ ಮಾಡಿದರು. ಮೂರನೆಯ ಇಯತ್ತೆಯ ಮಕ್ಕಳು, ತ್ರೈರಾಶಿಕದ ಹೆಸರೂ ಕೇಳದವರು, ತ್ರೈರಾಶಿಕವನ್ನು ಕಲಿತೆನು ಎಂದು ಬರೆದರು. ಕವಾಯತಿನ ತಾಸು ಮುಗಿದ ಮೇಲೂ ಅದನ್ನೇ ಬರೆದರು. ಪಾಠವೇ ಆಗದ ದಿನವೂ ಬರೆದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯುವ ಗಡಿಬಿಡಿಯಲ್ಲಿ ಹಸಿ ಅರಿವೆಗಳು ಮೂಲೆ ಸೇರಿದವು, ಪಿಚಕ್ ಪಿಚಕ್ ಎಂದು ಉಗುಳು ಶುರುವಾಯಿತು. ಖೋಲಿಯೊಳಗೆ ಕಾಲಿಟ್ಟರೆ ಹುಳಿ ನಾತ ಬರುತ್ತಿತ್ತು. ಅದು ಪಾಟಿಯದೋ ಆ ಮೂರು ಸಾಲಿನದೋ ಎಂದು ಶಾಂತಯ್ಯನಿಗೆ ಬೇರೆ ಮಾಡಲು ಆಗುತ್ತಿರಲಿಲ್ಲ.

ಹೆಡ್ ಮಾಸ್ತರರ ಖೋಲಿಗೆ ಹೋಗಿ ಜಗಳ ತೆಗೆದ. "ಹುಡುಗ ತಿಳೀಲಿಲ್ಲ ಅಂತ ಹೇಳಲಿ ಅಂತನ ಆ ಪ್ರಶ್ನಿ ಐತ್ರಿ. ಉತ್ತರಾನೂ ನೀವ ಬರದ ಕೊಟ್ರ ಪ್ರಶ್ನಿ ಯಾಕ ಬೇಕು?"

"ಕೂಡ್ರಿ ಮಾಸ್ತರ," ಎಂದರು ರಾಯರು. "ಹಿಂದಿನ ವಾರ ಇನ್ನೊಂದು ಸಾಲ್ಯಾಗ ಸಾಹೇಬ್ರು ಪರೀಕ್ಷಾ ತಗೊಂಡ್ರು. ಒಂಬತ್ತು ಹುಡುಗರು ತಿಳಿಯದ ಭಾಗ ಇಂಥಾದ್ದು ಅದ ಅಂತ ಬರದ್ರು. ಒಂಬತ್ತೂ ಮಂದಿ ನಪಾಸ. ತಿಳಿದಿಲ್ಲ ಅಂತ ಹುಡುಗ ತಾನ ಕೈಯಾರೆ ಬರದಾನ, ನಾ ಹೆಂಗ ಪಾಸ ಮಾಡ್ಲಿ ಅಂದ್ರಂತ. ಈಗ ಹೇಳ್ರಿ, ನಾ ಮಾಡೋದು ತಪ್ಪೇನು?"

ಶಾಂತಯ್ಯ ಎದ್ದು ಬಂದ. ಮೂರು ದಿನ ಆತನಿಗೆ ಅನ್ನ ರುಚಿಸಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಫಕೀರಪ್ಪ ಸಾಲಿಯ ಕಟ್ಟೆಯ ತನಕ ಬಂದು, ಚಪ್ಪಲಿ ಬಿಟ್ಟು, ಮಾಸ್ತರನ ಕಾಲು ಮುಟ್ಟಿದ. "ಅಯ್ಯಾರ, ಒಂದು ಮಾತು. ಹುಡುಗಿ ಸಾಲಿಗೆ ಹೋಗತೇನಂತ ಒಂದ ಸವನ ಹಟ ಹಿಡದಾಳ. ಮನ್ಯಾಗ ಯಾರಿಗೂ ಮನಸ್ಸಿಲ್ರಿ. ನಾ ಅಂದೇನಿ, ಡೆಪ್ಟಿ ಸಾಹೇಬ್ರು ಪಾಸ ಮಾಡಿದ್ರ ಮುಲ್ಕಿ ತನಕ ಓದಲಿ. ನಪಾಸ ಆದ್ರ ಒಲಿ ಮುಂದ ಕುಂದ್ರಲಿ, ಉಪ್ಪಿನಬೆಟಗೇರ್‍ಯಾಗ ಒಂದು ಗಂಡು ಐತಿ. ನಾ ಮಾತು ಕೊಟ್ಟ ಮ್ಯಾಲ ತಪ್ಪಂಗಿಲ್ರಿ, ಹಿಂಗಾದ್ರೂ ಅಷ್ಟ, ಹಂಗಾದ್ರೂ ಅಷ್ಟ."

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ಹುಡುಗಿ ಅಕ್ಕೋರಾಗಬಹುದು, ನಾಲ್ಕು ಮಕ್ಕಳಿಗೆ ಕಲಿಸಬಹುದು. ಹಂಚು ಎಷ್ಟು ಎಂದು ಕೇಳುವ ಅಕ್ಕೋರು! ಶಾಂತಯ್ಯ ಆ ಮಧ್ಯಾಹ್ನ ಕಾಳವ್ವನನ್ನು ಬೇವಿನ ಗಿಡದ ಕೆಳಗೆ ಕರೆದ.

"ನಾಳಿಗೆ ಬೋರ್ಡಿನ ಮ್ಯಾಲ ಇದ್ದದ್ದನ್ನ ಬರೀಬೇಕು ನೋಡವಾ. ತಿಳಿಯದ ಭಾಗ ಯಾವುದೂ ಇಲ್ಲ. ಅಷ್ಟ."

"ಹಂಚಿಂದು ನನಗ ಇನ್ನೂ ತಿಳಿದಿಲ್ರಿ," ಎಂದಳು ಕಾಳವ್ವ. "ನೀವು ನಾಳಿಗೆ ಹೇಳತೇನಿ ಅಂದಿದ್ರಿ."

"ಪರೀಕ್ಷಾ ಮುಗೀಲಿ, ಹೇಳತೇನಿ."

"ಸುಳ್ಳ ಬರದ್ರ ಛಡಿ ಅಂದಿದ್ರಲ್ರಿ?"

ಮಾಸ್ತರನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿದ್ದರೆ ಬೈದು ಹಗುರಾಗುತ್ತಿದ್ದ. "ಹೇಳಿದಷ್ಟು ಮಾಡು" ಎಂದು ಒಳಗೆ ಹೋದ.

ಮರುದಿನ ಸಾಹೇಬರ ಮುಂದೆ ಪಾಠ ಮಾಡಲು ರಾಯರು ರೊಟ್ಟಿಯ ಲೆಕ್ಕವನ್ನೇ ಆರಿಸಿದರು. ಹುಡುಗರಿಗೆ ಬಾಯಿಗೆ ಬಂದಿರುವಂಥದ್ದು, ಎಡವುವ ಭಯವಿಲ್ಲ ಎಂದು. ಶಾಂತಯ್ಯ ಗೊಂಬೆಯಂತೆ ನಿಂತು ಕೇಳಿದ, ಮಕ್ಕಳು ಗೊಂಬೆಗಳಂತೆ ಹೇಳಿದರು. ನೂರಾ ಅರವತ್ತು. ಸಾಹೇಬರು ತಲೆದೂಗಿದರು. ಆಮೇಲೆ ಮೂರು ಪ್ರಶ್ನೆ. ಮೂವತ್ತೊಂದು ಪಾಟಿಗಳ ಮೇಲೆ ಬಳಪ ಕಿರ್ ಕಿರ್ ಎಂದವು.

ಸಾಹೇಬರು ಹಿಂದಿನ ಸಾಲಿನಿಂದ ನೋಡುತ್ತ ಬಂದರು. ಯಾವುದೂ ಇಲ್ಲ, ಶಾಬಾಸ್. ಯಾವುದೂ ಇಲ್ಲ, ಶಾಬಾಸ್. ದುರಗಪ್ಪ ಕೂಡ ಯಾವುದೂ ಇಲ್ಲ ಎಂದೇ ಬರೆದಿದ್ದ, ಅದೂ ದುಂಡಗಿನ ಅಕ್ಷರದಲ್ಲಿ. ಹುಡುಗಿಯರದು ಮುಂದಿನ ಸಾಲು. ಶಾಂತಯ್ಯ ಬೋರ್ಡಿನ ಹತ್ತಿರ ನಿಂತಲ್ಲಿಂದಲೇ ಕಾಳವ್ವನ ಪಾಟಿಯ ಮೇಲೆ ಕಣ್ಣು ಹಾಯಿಸಿದ. ಒಂದನೆಯ ಸಾಲು ಸರಿಯಾಗಿತ್ತು. ಎರಡನೆಯ ಸಾಲು: 'ಹಂಚು ಎಷ್ಟು?'

ಸಾಹೇಬರು ಮೂರು ಮಕ್ಕಳಷ್ಟು ದೂರದಲ್ಲಿದ್ದರು. ಶಾಂತಯ್ಯ ಹಸಿ ಅರಿವೆಗಾಗಿ ಸುತ್ತಲೂ ನೋಡಿದ. ಒಂದೂ ಇರಲಿಲ್ಲ, ಮೂಲೆಯಲ್ಲಿ ಒಣಗಿ ರಟ್ಟಾಗಿ ಬಿದ್ದಿದ್ದವು. ಒಣ ಕೈಯಿಂದ ತಿಕ್ಕಿದರೆ ಬಳಪದ ಗುರುತು ಉಳಿಯುತ್ತದೆ, ಅದು ಆತನಿಗೆ ಬಿಟ್ಟು ಇನ್ಯಾರಿಗೆ ಗೊತ್ತು? ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ತನ್ನ ಬಲಗೈಯನ್ನು ಬಾಯಿಗೆ ಒಯ್ದ. ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡುವ ಕೈ. ಅಂಗೈ ಮೇಲೆ ಉಗುಳಿ ಹುಡುಗಿಯ ಪಾಟಿಯ ಮೇಲೆ ಅಡ್ಡಡ್ಡ ತಿಕ್ಕಿದ. ಉಗುಳು ಬೂದಿ ಬಣ್ಣದ ಲೋಳೆಯಾಗಿ ಹರಡಿತು. ಹಂಚು ಹೋಯಿತು, ಎಷ್ಟು ಹೋಯಿತು.

"ಯಾವುದೂ ಇಲ್ಲ ಅಂತ ಬರಿ. ಲಗೂ" ಎಂದ ಪಿಸುಮಾತಿನಲ್ಲಿ.

ಕಾಳವ್ವ ಆತನ ಮುಖ ನೋಡಲಿಲ್ಲ, ಪಾಟಿಯನ್ನು ನೋಡಿದಳು. ಛಡಿ ತಿಂದಾಗ ಅಳದವಳ ಗದ್ದ ನಡುಗಿತು. ಆ ಹಸಿ ಎಂಜಲಿನ ಮೇಲೆಯೇ ಬಳಪ ಊರಿ ಬರೆದಳು. ಹಸಿಯಿದ್ದಾಗ ಅಕ್ಷರ ಕಾಣಲಿಲ್ಲ. ಸಾಹೇಬರು ಹತ್ತಿರ ಬಂದು ನಿಲ್ಲುವಷ್ಟರಲ್ಲಿ ಆರುತ್ತ ಆರುತ್ತ ಒಂದೊಂದಾಗಿ ಬೆಳ್ಳಗೆ ಮೂಡಿದವು. ಯಾವುದೂ ಇಲ್ಲ.

"ಶಾಬಾಸ್" ಎಂದರು ಸಾಹೇಬರು.

ಆ ವರ್ಷ ಐದನೆಯ ಇಯತ್ತೆ ಪೂರ್ತಿ ಪಾಸಾಯಿತು. ಫಕೀರಪ್ಪ ಬಾಳೆಹಣ್ಣು, ತೆಂಗಿನಕಾಯಿ ತಂದು ಮಾಸ್ತರನ ಮುಂದಿಟ್ಟು ಅಡ್ಡಬಿದ್ದ. ಶಾಂತಯ್ಯ ಅದನ್ನು ಮನೆಯೊಳಗೆ ಒಯ್ಯದೆ ಕಟ್ಟೆಯ ಮೇಲಿನ ಮಕ್ಕಳಿಗೆ ಹಂಚಿಬಿಟ್ಟ. ಹಿತ್ತಲಿಗೆ ಹೋಗಿ ಸೀಗೇಕಾಯಿ ಹಾಕಿ ಕೈ ತೊಳೆದ, ಬೂದಿ ಹಾಕಿ ತೊಳೆದ. "ಏನ್ ಮುಟ್ಟಿದ್ರಿ?" ಎಂದು ಈರವ್ವ ಕೇಳಿದಳು. ಇನ್ನೊಮ್ಮೆ ಬೂದಿ ಹಾಕಿ ತಿಕ್ಕಿದ. ಬೆಳಿಗ್ಗೆ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ವಿಭೂತಿ ಹಚ್ಚುವಾಗ ಆ ಲೋಳೆಯ ಬೆಚ್ಚಗಿನ ಜಿಗುಟು ಮತ್ತೆ ಬೆರಳಿಗೆ ಹತ್ತಿದ ಹಾಗಾಗುತ್ತಿತ್ತು. ಅದು ಸಾಯುವ ತನಕ ಹೋಗಲಿಲ್ಲ.

ಹಂಚಿನ ಪಾಠ ಮಾಡಬೇಕು ಎಂದು ಎಷ್ಟೋ ಬಾರಿ ಖಡು ಕೈಗೆತ್ತಿಕೊಂಡ. ಆರನೆಯ ಇಯತ್ತೆಗೆ ಹೋದ ಕಾಳವ್ವ ಮುಂದಿನ ಸಾಲಿನಲ್ಲಿ ಕೂತು ಆತನನ್ನೇ ನೋಡುತ್ತಿರುತ್ತಿದ್ದಳು. ಅವಳಿಗೆ ಈಗ ಕೇಳುವಂಥದ್ದೇನೂ ಇರಲಿಲ್ಲ. ಅಂದಿನ ತಾಸಿನ ಕೊನೆಗೆ, ಮರುದಿನ, ಅದರ ಮರುದಿನ, ಅವಳ ಪಾಟಿಯ ಮೇಲೆ ಯಾವುದೂ ಇಲ್ಲ ಎಂದಿರುತ್ತಿತ್ತು. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೆದಳು. ಆ ಹುಡುಗಿಯ ಎದುರಿಗೆ ನಿಂತು ಹಂಚಿನ ಮಾತು ಎತ್ತುವ ಮುಖ ಮಾಸ್ತರನಿಗೆ ಬರಲಿಲ್ಲ. ಈ ವರ್ಷ ಬೇಡ, ಮುಂದಿನ ವರ್ಷ ಎಂದುಕೊಂಡ. ಅವಳು ಮುಲ್ಕಿ ಪಾಸಾದಳು, ಟ್ರೇನಿಂಗಿಗೆ ಹೋದಳು, ರೇಲ್ವೆ ವರ್ಕಶಾಪಿನಲ್ಲಿ ಕೆಲಸಕ್ಕಿದ್ದ ಒಬ್ಬ ಒಳ್ಳೆಯ ಹುಡುಗನನ್ನು ಮದುವೆಯಾದಳು, ಅದೇ ಸಾಲಿಗೆ ಅಕ್ಕೋರಾಗಿ ಬಂದಳು. ಊರೆಲ್ಲ ಶಾಂತಯ್ಯ ಮಾಸ್ತರನ ಕೈಗುಣ ಎಂದು ಹೊಗಳಿತು. ಕೈಗುಣ ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಆತ ಬಲಗೈಯನ್ನು ಕೋಟಿನ ಕಿಸೆಯೊಳಗೆ ಇಳಿಸುತ್ತಿದ್ದ.

ನಲವತ್ತಾರನೆಯ ಇಸವಿಯಲ್ಲಿ ಶಾಂತಯ್ಯನ ನೌಕರಿ ಮುಗಿಯಿತು. ಕೊನೆಯ ದಿನ ಹಾರ, ಭಾಷಣ, ಎಲ್ಲ ಸಂಜೆಗೆ ಇಟ್ಟಿದ್ದರು. ಮಧ್ಯಾಹ್ನ ಸುಮ್ಮನೆ ಖೋಲಿಯಿಂದ ಖೋಲಿಗೆ ತಿರುಗಾಡುತ್ತಿದ್ದ. ಐದನೆಯ ಇಯತ್ತೆಯ ಕಿಡಕಿಯ ಹತ್ತಿರ ಬಂದಾಗ ಕಾಲು ನಿಂತವು. ಬೋರ್ಡಿನ ಮೇಲೆ ರೊಟ್ಟಿಯ ಲೆಕ್ಕ ಇತ್ತು. ಇಬ್ಬರಿಗೆ ನಲವತ್ತು, ಎಂಟು ಮಂದಿಗೆ ಎಷ್ಟು? ಅಚ್ಚುಕಟ್ಟಾದ ಅಕ್ಷರ. ಕಾಳವ್ವ ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ ಖಡುವಿನ ಧೂಳು ಝಾಡಿಸಿಕೊಳ್ಳುತ್ತಿದ್ದಳು. ಮೂರು ಪ್ರಶ್ನೆಯ ಸುತ್ತೋಲೆ ಎಂದೋ ಮೂಲೆ ಸೇರಿತ್ತು; ಎಲ್ಲಿ ಎಡವಿದ್ರಿ ಎಂದು ಈಗ ಕೇಳುತ್ತಾಳೆ ಅಂದುಕೊಂಡ ಶಾಂತಯ್ಯ. ಹನ್ನೆರಡು ವರ್ಷ ಅದನ್ನೇ ಕಾದವನಂತೆ ಕಿಡಕಿಯ ಸರಳು ಹಿಡಿದ. ಇವಳಾದರೂ ಕೇಳುತ್ತಾಳೆ.

"ತಿಳೀತಿಲ್ಲೋ?" ಎಂದಳು ಕಾಳವ್ವ.

"ಹೂಂರೀ!"

ಬೇವಿನ ಗಿಡದ ಹಳಿಗೆ ಸುತ್ತಿಗೆ ಬಿತ್ತು. ಮಕ್ಕಳು ಧೋ ಎಂದು ಹೊರಬಿದ್ದರು. ಮಾಸ್ತರನನ್ನು ಕಂಡ ಕಾಳವ್ವ ಓಡಿ ಬಂದು ಕಾಲ್ಮುಟ್ಟಿದಳು.

"ಬರ್ರಿ ಮಾಸ್ತರ್ರ, ಒಳಗ ಬರ್ರಿ. ನಿಮ್ಮ ಲೆಕ್ಕಾನ ಹಾಕಿದ್ದೆ ನೋಡ್ರಿ ಇವತ್ತ. ನಿಮ್ಮ ಕಡೀ ದಿನ ಅಂತ."

ಶಾಂತಯ್ಯ ಬೋರ್ಡಿನ ಕಡೆ ನೋಡಿದ. "ಹಂಚು ಎಷ್ಟವಾ?" ಎಂದ.

"ಏನ್ರಿ?"

"ಎಂಟು ಮಂದಿ ಅದಾರ. ಹಂಚು ಎಷ್ಟು?"

ಕಾಳವ್ವ ಒಂದು ಗಳಿಗೆ ಆತನನ್ನು ಪಿಳಿಪಿಳಿ ನೋಡಿದಳು. ಅವಳ ಮುಖದಲ್ಲಿ ಏನಾದರೂ ಅಲುಗೀತೇ, ಸಿಟ್ಟಾದರೂ ಬಂದೀತೇ ಎಂದು ಆತ ಹುಡುಕಿದ. ಬಂದದ್ದು ನಗು. ವಯಸ್ಸಾದವರ ಮರೆವಿಗೆ ನಗುವ ನಗು.

"ಹಂಚು ಲೆಕ್ಕದಾಗ ಬರೂದಿಲ್ಲಲ್ರೀ ಮಾಸ್ತರ್ರ," ಎಂದಳು ಮೆಲ್ಲಗೆ, ಸಣ್ಣ ಮಗುವಿಗೆ ಬಿಡಿಸಿ ಹೇಳುವ ಹಾಗೆ. "ಒಬ್ಬಾಕಿಗೆ ಇಪ್ಪತ್ತು, ಎಂಟು ಮಂದಿಗೆ ನೂರಾ ಅರವತ್ತು." ಹೇಳಿ ಮುಗಿಸಿ, ಕೈಯ ಖಡು ಝಾಡಿಸುತ್ತ, ರೂಢಿಯ ಮೇಲೆ ಕೇಳಿದಳು, "ತಿಳೀತಿಲ್ರೀ?"

ಶಾಂತಯ್ಯ ಬಲಗೈಯನ್ನು ಕೋಟಿನ ಕಿಸೆಯೊಳಗೆ ಇಳಿಸಿದ.

"ಹೂಂ" ಎಂದ.